ಇಬ್ಬರೇ ಸದಸ್ಯರಿದ್ದಾಗ ನಾವು ಮಾಡಿಕೊಂಡ ರಾಜಿ

ಸಕಲೇಶಪುರ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಎರಡು ದೊಡ್ಡ ಬಣಗಳೂ ಸಮಬಲದಲ್ಲಿದ್ದವು. ನಡುವೆ ನಮ್ಮ ಪಕ್ಷದ ಇಬ್ಬರು ಸದಸ್ಯರು. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ನಿಜ, ಆದರೆ ಯಾರು ಯಾವ ಪಕ್ಷದವರು ಅನ್ನೋದು ಊರಿಗೆಲ್ಲ ಗೊತ್ತಿರುತ್ತದೆ. ನಮ್ಮದು ಕೆಂಬಾವುಟದ ಸಣ್ಣ ಪಕ್ಷ; ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಮಾಲೀಕರು ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿಸಿದ ಮನೆಗಳಲ್ಲಿ, ಇರುವವರೇ ನಮಗೆ ಓಟು ಹಾಕುವವರು. ನಾನಾಗ ತಾಲ್ಲೂಕು ಸಮಿತಿಯ ಕಾರ್ಯದರ್ಶಿ.

ಮೊದಲ ಮೂವತ್ತು ತಿಂಗಳ ಅವಧಿಗೆ ಅಧ್ಯಕ್ಷರ ಆಯ್ಕೆ ನಡೆದಾಗ ನಾವು ತಟಸ್ಥರಾಗಿದ್ದೆವು. ಲಾಟರಿ ಎತ್ತಿ ಒಂದು ಬಣ ಗೆದ್ದಿತು. ನಮ್ಮ ಹೆಸರಿಗೆ ಕಳಂಕ ಬರಲಿಲ್ಲ, ಆದರೆ ಲೈನಿನವರ ಒಂದು ಅರ್ಜಿಯೂ ಸಭೆಯ ವಿಷಯಪಟ್ಟಿಗೆ ಬರಲಿಲ್ಲ. 2023ರಲ್ಲಿ ಎರಡನೇ ಅವಧಿಯ ಮೀಸಲಾತಿ ಪ್ರಕಟವಾದಾಗ ಎರಡೂ ಕಡೆಯವರು ಫೋನ್ ಮಾಡತೊಡಗಿದರು. ಮಾತು ಒಂದೇ: "ಉಪಾಧ್ಯಕ್ಷ ಸ್ಥಾನ ನಿಮ್ಗೇ ಬಿಡ್ತೀವಿ, ಕೈ ಜೋಡ್ಸಿ."

ಅಧಿಕಾರದೊಳಗೆ ಹೋಗಬೇಕೋ ಹೊರಗೇ ಇರಬೇಕೋ ಎಂಬ ಈ ಜಗಳ ಹಾಸನ ಜಿಲ್ಲೆಯ ಎಡಪಕ್ಷದವರಿಗೆ ಹೊಸದಲ್ಲ. 1996ರಲ್ಲಿ ಪ್ರಧಾನಿ ಹುದ್ದೆ, ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಸಿಪಿಎಂ ನಾಯಕ ಜ್ಯೋತಿ ಬಸು ಅವರನ್ನು ಹುಡುಕಿಕೊಂಡು ಬಂದಿತ್ತು. ಸಿಪಿಎಂ ಕೇಂದ್ರ ಸಮಿತಿ ಬೇಡವೆಂದಿತು, ಬಸು ಮುಂದೆ ಅದನ್ನು ಐತಿಹಾಸಿಕ ಪ್ರಮಾದ ಎಂದು ಕರೆದರು. ಆ ಕುರ್ಚಿಯಲ್ಲಿ ಕೂತವರು ನಮ್ಮ ಜಿಲ್ಲೆಯ ದೇವೇಗೌಡರು. ಅದೇ ಸರ್ಕಾರಕ್ಕೆ ಇನ್ನೊಂದು ಕಮ್ಯುನಿಸ್ಟ್ ಪಕ್ಷವಾದ ಸಿಪಿಐ ಸೇರಿತು, ಅದರ ಇಂದ್ರಜಿತ್ ಗುಪ್ತ ಗೃಹ ಸಚಿವರಾದರು. ನಮ್ಮ ಸಮಿತಿ ಸಭೆಯಲ್ಲಿ ಹಿರಿಯ ಸಂಗಾತಿಯೊಬ್ಬರು ಇದನ್ನೇ ಎತ್ತಿದರು: "ಜೂನಲ್ಲಿ ಬಂದ ಗೌಡ್ರು ಮುಂದಿನ ಏಪ್ರಿಲ್‌ನಲ್ಲಿ ಇಳಿದ್ರು. ಒಳಗೆ ಹೋದೋರು ಕೂಲಿಕಾರ್ರಿಗೆ ಏನ್ ತಂದುಕೊಟ್ರು ಹೇಳಿ." ಹುಡುಗನೊಬ್ಬ ಮಂಡ್ಯ ಜಿಲ್ಲೆಯ ಮೇಲುಕೋಟೆ ಕ್ಷೇತ್ರದ ಮಾತು ತೆಗೆದ. 2018ರಲ್ಲಿ ಸೋತಿದ್ದ ದರ್ಶನ್ ಪುಟ್ಟಣ್ಣಯ್ಯ, 2023ರಲ್ಲಿ ಕಾಂಗ್ರೆಸ್ ತನ್ನ ಅಭ್ಯರ್ಥಿ ಹಾಕದೆ ಬೆಂಬಲಿಸಿದಾಗ ರೈತಸಂಘದ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು. "ರೈತಸಂಘದ ಹಸಿರು ಶಾಲು ತಾನೆ ಅಣ್ಣ ವಿಧಾನಸೌಧಕ್ಕೆ ಹೋಗಿದ್ದು?" ಅಂದ. ಇಬ್ಬರ ಮಾತಿಗೂ ಚಪ್ಪಾಳೆ ಬಿತ್ತು.

ನಾನು ಚರ್ಚೆಯನ್ನು ಲೈನ್ ಮನೆಗೆ ಎಳೆದುಕೊಂಡು ಬಂದೆ. ಆಗ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ಪ್ರಕಾರ ಕಾರ್ಮಿಕರಿಗೆ ಮನೆ ಕೊಡುವುದು ಮಾಲೀಕರ ಹೊಣೆಯಾಗಿತ್ತು. ಆದರೆ ಆ ಮನೆ ಕೆಲಸಕ್ಕೆ ಅಂಟಿಕೊಂಡ ಮನೆ. ಮೂವತ್ತು ವರ್ಷ ಕಾಫಿ ಕುಯ್ದ ಹೆಂಗಸು ಕೆಲಸ ನಿಲ್ಲಿಸಿದ ಮೇಲೆ ತೋಟದ ಲೆಕ್ಕ ನೋಡುವ ರೈಟರ್ ಬಂದು "ಲೈನ್ ಖಾಲಿ ಮಾಡಮ್ಮ" ಅಂದರೆ ಅವಳು ಹೋಗುವುದೆಲ್ಲಿಗೆ? ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗಾದರೆ ಅದನ್ನು ಸಕ್ರಮ ಮಾಡಿಸಿಕೊಳ್ಳಲು ಭೂ ಕಂದಾಯ ಕಾಯ್ದೆಯ 94ಸಿ ಅರ್ಜಿ ಇದೆ. ಲೈನಿನವರು ಕಟ್ಟಿಕೊಂಡವರೇ ಅಲ್ಲವಲ್ಲ, ಅವರಿಗೆ ಅದು ಅನ್ವಯಿಸುವುದಿಲ್ಲ. ಅವರಿಗೆ ಬೇಕಾದ್ದು ನಿವೇಶನ. ಅದಕ್ಕೆ ಪಂಚಾಯ್ತಿ ಠರಾವು ಮಾಡಿ ಜಾಗ ಗುರುತಿಸಿಕೊಡಿ ಎಂದು ತಹಶೀಲ್ದಾರರಿಗೆ ಕಳಿಸಬೇಕು. ನಮ್ಮ ಕೆಲಸ ಶುರುವಾಗಬೇಕಾದ್ದು ಆ ಠರಾವಿನಿಂದ, ಉಪಾಧ್ಯಕ್ಷರ ಕೊಠಡಿಯಿಂದಲ್ಲ ಎಂದೆ.

ಕೊನೆಗೆ ನಿಂತದ್ದು ಇಷ್ಟು: ಅಧ್ಯಕ್ಷರ ಆಯ್ಕೆಯಲ್ಲಿ ಒಂದು ಬಣಕ್ಕೆ ಮತ ಕೊಡುವುದು, ಯಾವ ಹುದ್ದೆಯನ್ನೂ ತೆಗೆದುಕೊಳ್ಳದಿರುವುದು. ಬದಲಿಗೆ ಮೂರು ಷರತ್ತು. ಮೊದಲ ಸಾಮಾನ್ಯ ಸಭೆಯಲ್ಲೇ ನಿವೇಶನದ ಠರಾವು ಆಗಬೇಕು. ವಾರ್ಡ್ ಸಭೆ ತೋಟಕ್ಕೆ ರಜೆಯಿರುವ ದಿನವೇ ನಡೆಯಬೇಕು. ಇಲ್ಲದಿದ್ದರೆ ಅರ್ಧ ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ವಸತಿ ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಓದದ ಪಟ್ಟಿ ಪಟ್ಟಿಯೇ ಅಲ್ಲ.

ಹುದ್ದೆ ಬೇಡವೆಂದದ್ದಕ್ಕೆ ಆದರ್ಶವೊಂದೇ ಕಾರಣವಲ್ಲ. ಗ್ರಾಮ ಪಂಚಾಯ್ತಿಯಲ್ಲಿ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಕಟ್ಟಪ್ಪಣೆ, ಅನ್ನೋದಿಲ್ಲ. ನಮ್ಮವರೊಬ್ಬರು ಕುರ್ಚಿಯಲ್ಲಿ ಕೂತ ಮೇಲೆ ಅದನ್ನು ಉಳಿಸಿಕೊಳ್ಳುವ ಚಿಂತೆ ಅವರಿಗೂ ಬರುತ್ತದೆ, ನಮಗೂ ಬರುತ್ತದೆ. ಆಗ ಬೆಂಬಲ ವಾಪಸ್ ಪಡೆಯುತ್ತೇವೆಂದರೆ ಯಾರೂ ನಂಬುವುದಿಲ್ಲ. ಇದೇ ಕಾರಣಕ್ಕೆ ನಮ್ಮ ಇಬ್ಬರೂ ರೆಸಾರ್ಟಿಗೆ ಹೋಗಲಿಲ್ಲ. ಚುನಾವಣೆಯ ದಿನ ಬೆಳಿಗ್ಗೆ ಮನೆಯಿಂದಲೇ ಪಂಚಾಯ್ತಿ ಕಚೇರಿಗೆ ನಡೆದುಕೊಂಡು ಬಂದರು.

ಒಪ್ಪಂದವನ್ನು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದೆವು. ಬಣದ ಮುಖಂಡರು ಓದಿ, "ಇಷ್ಟಕ್ಕೆಲ್ಲ ಬರವಣಿಗೆ ಯಾಕೆ ಸ್ವಾಮಿ, ನನ್ನ ಮಾತು ಸಾಲ್ದಾ?" ಅಂದರು. "ನಿಮ್ಮ ಮೇಲೆ ಅನುಮಾನ ಅಲ್ಲ ಗೌಡ್ರೇ, ನಾಳೆ ಲೈನಿನಲ್ಲಿ ನಾನಿದನ್ನ ಓದಿ ಹೇಳ್ಬೇಕು" ಅಂದೆ. ಸಹಿ ಹಾಕಿದರು. ಮಾರನೆಯ ದಿನ ಸಂಜೆ, ಕೆಲಸ ಬಿಟ್ಟು ಬಂದವರ ಮುಂದೆ, ಅದನ್ನು ಎರಡು ಸಲ ಓದಿದೆ.

ನಾನು ಎಲ್ಲಕ್ಕಿಂತ ಮುಖ್ಯವೆಂದುಕೊಂಡಿರುವ ಸಂಗತಿ ಬೇರೆಯಿದೆ. ಸಮಿತಿಯಲ್ಲಿ ಆ ಹಿರಿಯರೂ ಇನ್ನು ಕೆಲವರೂ ಕೊನೆಯವರೆಗೂ ಒಪ್ಪಲಿಲ್ಲ. ಬಹುಮತದ ತೀರ್ಮಾನ ಅಂತ ಅವರ ಬಾಯಿ ಮುಚ್ಚಿಸಬಹುದಿತ್ತು. ಹಾಗೆ ಮಾಡದೆ, ಅವರ ವಿರೋಧವನ್ನು ಅವರದೇ ಮಾತಿನಲ್ಲಿ ನಡಾವಳಿ ಪುಸ್ತಕದಲ್ಲಿ ಬರೆಸಿದೆವು. ಷರತ್ತುಗಳು ಎಲ್ಲಿಗೆ ಬಂದವೆಂದು ಪ್ರತಿ ಸಭೆಯಲ್ಲಿ ವರದಿ ಕೇಳುವ ಹೊಣೆಯನ್ನೂ ಅವರಿಗೇ ಕೊಟ್ಟೆವು. ದೊಡ್ಡ ಪಕ್ಷದವರು ಸಣ್ಣ ಪಕ್ಷಕ್ಕೆ ಹೆದರುವುದು ಅದರೊಳಗೆ ಇಂಥವರು ಇರುವುದರಿಂದಲೇ. ಕಾರ್ಯದರ್ಶಿಯನ್ನು ಕಾಫಿ ಕುಡಿಸಿ ಒಪ್ಪಿಸಬಹುದು, ಇವರನ್ನು ಆಗುವುದಿಲ್ಲ ಎಂಬುದು ಅವರಿಗೆ ಗೊತ್ತಿರಬೇಕು.

ಅದು ಉಪಯೋಗಕ್ಕೂ ಬಂತು. ಠರಾವು ಮೊದಲ ಸಭೆಯಲ್ಲೇ ಆಯಿತು, ಸರ್ವೆಯೂ ನಡೆಯಿತು. ಗುರುತಿಸಿದ ಜಾಗದಲ್ಲಿ ಒಂದು ಭಾಗ ಕಂದಾಯ ಇಲಾಖೆಯದೆಂದು ದಾಖಲೆಯಲ್ಲಿದ್ದರೂ, ಅರಣ್ಯದವರು ಸೆಕ್ಷನ್ 4 ಅಂದರು, ಅಂದರೆ ಮೀಸಲು ಅರಣ್ಯ ಮಾಡಲು ಅಧಿಸೂಚನೆಯಾದ ಜಾಗ. ಆ ಕಡತ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಈ ನಡುವೆ ವಸತಿ ಪಟ್ಟಿಯೊಂದು ಗ್ರಾಮಸಭೆಯಲ್ಲಿ ಓದದೆಯೇ ತಾಲ್ಲೂಕಿಗೆ ಹೊರಟಿತ್ತು. ವಿಷಯ ಮೊದಲು ಹಿಡಿದವರು ಆ ಹಿರಿಯರೇ. "ಈಗೇನ್ ಮಾಡ್ತೀಯಪ್ಪ ಕಾರ್ಯದರ್ಶಿ?" ಅಂತ ಕೇಳಿದರು. ಅವತ್ತೇ ಸಮಿತಿ ಕರೆದು, ಪಟ್ಟಿ ವಾಪಸ್ ಬರದಿದ್ದರೆ ನಮ್ಮ ಇಬ್ಬರೂ ಇನ್ನು ಅಧ್ಯಕ್ಷರ ಪರ ನಿಲ್ಲುವುದಿಲ್ಲವೆಂದು ಪತ್ರ ಬರೆದು, ಆ ಹಿರಿಯರ ಕೈಯಲ್ಲೇ ಕಳಿಸಿದೆವು. ಪಟ್ಟಿ ವಾಪಸ್ ಬಂತು. ಒಂದು ಭಾನುವಾರ ಶಾಲೆ ಮೈದಾನದಲ್ಲಿ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಂದೊಂದೇ ಹೆಸರು ಓದಿದರು. ತಕರಾರು ಬಂದ ಹೆಸರುಗಳನ್ನು ಅಲ್ಲೇ ಹೊಡೆದುಹಾಕಿ, ಲೈನಿನ ಮೂರು ಮನೆಗಳ ಹೆಸರನ್ನು ಸೇರಿಸಿದರು.