ಮೇ ತಿಂಗಳ ಬಿಸಿಲು ನೋಡಿ ಸಸಿ ನೆಡಬೇಡಿ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಾವು ಬಾಡಿಗೆಗೆ ಹಿಡಿದಿರುವುದು ಅರ್ಧ ಅಲಾಟ್‌ಮೆಂಟ್. ಅಲಾಟ್‌ಮೆಂಟ್ ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ಜಮೀನು. ಪೂರ್ತಿ ಪ್ಲಾಟ್ ಅಂದರೆ ಸುಮಾರು 250 ಚದರ ಮೀಟರ್. ಮನೆ ಮಂದಿಗೆ ಅರ್ಧವೇ ಧಾರಾಳ. ಟೊಮೇಟೊ, ಹುರುಳಿಕಾಯಿ, ಸಿಹಿಗುಂಬಳ, ಮುಸುಕಿನ ಜೋಳ ಹಾಕುತ್ತೇವೆ. ಯಾವುದೂ ಚಳಿ ತಡೆಯುವ ಗಿಡವಲ್ಲ. ಒಂದು ರಾತ್ರಿ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟುವ ಇಬ್ಬನಿ, ಬಿದ್ದರೆ ಸಾಕು, ಬೆಳಗ್ಗೆ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿರುತ್ತವೆ.

ಮೇ ಮೊದಲಲ್ಲೇ ಇಲ್ಲಿ ಒಳ್ಳೆ ಬಿಸಿಲು ಬರುತ್ತದೆ, ಕೈ ತುರಿಸುತ್ತದೆ. ಆದರೆ ನಾನು ಹಗಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾತ್ರಿ ಎಷ್ಟು ಡಿಗ್ರಿ ಅಂತ ಮಾತ್ರ ನೋಡುತ್ತೇನೆ. ಮುನ್ಸೂಚನೆಯಲ್ಲಿ ರಾತ್ರಿಗಳು ಸತತವಾಗಿ 10ರ ಆಸುಪಾಸಿಗೆ ಬರುವವರೆಗೆ ಸಸಿಗಳು ಕುಂಡದಲ್ಲೇ ಇರುತ್ತವೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯೇ ಅಪಾಯ. ನೆಲದ ಕಾವೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ತಣ್ಣನೆ ಗಾಳಿ ಭಾರ, ತಗ್ಗಿನಲ್ಲಿ ಬಂದು ನಿಲ್ಲುತ್ತದೆ. ನಮ್ಮ ಪ್ಲಾಟ್ ಇಳಿಜಾರಿನ ಬುಡದಲ್ಲಿದೆ, ಹಾಗಾಗಿ ಮೇ ಕೊನೆಯ ವಾರಕ್ಕಿಂತ ಮುಂಚೆ ನೆಡುವ ಮಾತೇ ಇಲ್ಲ.

ಕಾಯುವಾಗ ಸುಮ್ನೆ ಕೂರುವುದಿಲ್ಲ. ಕಿಟಕಿಯ ಬಳಿ ಬೆಳೆದ ಸಸಿಗೆ ಗಾಳಿಯೂ ಗೊತ್ತಿಲ್ಲ, ನೇರ ಬಿಸಿಲೂ ಗೊತ್ತಿಲ್ಲ. ಒಮ್ಮೆಗೇ ಹೊರಗಿಟ್ಟರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ. ಅದಕ್ಕೇ ಹತ್ತು ದಿನ, ಎರಡು ವಾರ ಅಭ್ಯಾಸ ಮಾಡಿಸಬೇಕು. ಮೊದಲು ನೆರಳಲ್ಲಿ ಒಂದೆರಡು ಗಂಟೆ, ಆಮೇಲೆ ಹಗಲೆಲ್ಲ, ಸಂಜೆ ಮತ್ತೆ ಒಳಗೆ, ಕೊನೆಗೆ ರಾತ್ರಿಯೂ ಹೊರಗೆ. ದಿನಾ ಟ್ರೇ ಹೊರುವುದು ಬೇಜಾರಿನ ಕೆಲಸವೇ. ಆದರೆ ಕಾಂಡ ಮುಟ್ಟಿ ನೋಡಿ, ಮೆತ್ತಗಿದ್ದದ್ದು ಗಟ್ಟಿಯಾಗಿರುತ್ತದೆ, ಎಲೆ ದಪ್ಪಗಾಗಿ ಬಣ್ಣ ಕಡು ಹಸಿರಾಗಿರುತ್ತದೆ. ಟೊಮೇಟೊ ಎಲೆಯ ಅಡಿ ನೇರಳೆ ಬಣ್ಣ ತಿರುಗಿದ್ದರೆ ಸಾಮಾನ್ಯವಾಗಿ ಚಳಿ ಜಾಸ್ತಿಯಾಗಿದೆ ಅಂತಲೇ ಅರ್ಥ. ಆ ರಾತ್ರಿ ಒಳಗೇ ಇಡುತ್ತೇನೆ.

ನೆಡುವುದು ಸಂಜೆ ಹೊತ್ತಲ್ಲಿ. ಗುಂಡಿಗೆ ಮೊದಲೇ ನೀರು ಹುಯ್ಯುತ್ತೇನೆ. ಟೊಮೇಟೊ ಸಸಿಯ ಕೆಳಗಿನ ಎಲೆ ಕಿತ್ತು ಆಳವಾಗಿ ಇಡುತ್ತೇನೆ, ಮಣ್ಣಲ್ಲಿ ಹೂತ ಕಾಂಡದಿಂದಲೂ ಬೇರು ಬರುತ್ತದೆ. ಕುಂಬಳಕ್ಕೆ ಒಂದು ಮೀಟರ್ ಜಾಗ ಬಿಡಿ, ಬಳ್ಳಿ ಹರಿಯುತ್ತದೆ. ಜೋಳವನ್ನು ಉದ್ದ ಸಾಲಲ್ಲಿ ಹಾಕಬೇಡಿ. ಅದರ ಪರಾಗ ಸಾಗುವುದು ಗಾಳಿಯಲ್ಲಿ, ಆದ್ದರಿಂದ ಚೌಕವಾಗಿ ಗುಂಪಲ್ಲಿ ನೆಟ್ಟರೆ ತೆನೆ ತುಂಬ ಕಾಳು. ಮೊದಲ ರಾತ್ರಿಗಳಲ್ಲಿ ಫ್ಲೀಸ್, ಅಂದರೆ ತೆಳು ಬಿಳಿ ಹೊದಿಕೆ, ಕೈಗೆಟುಕುವಂತಿರಲಿ.

ಸ್ಲಗ್‌ಗಳ (ಚಿಪ್ಪಿಲ್ಲದ ಬಸವನಹುಳುಗಳ) ಕಾಟ ಬೇರೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೆಕ್ಕುವುದೇ ನನ್ನ ದಾರಿ, ಮಳೆ ಬಂದ ರಾತ್ರಿಯಂತೂ ತಪ್ಪಿಸುವುದಿಲ್ಲ.

ಊರಿನ ಅವರೆ ಹಾಕಬಹುದಾ ಅಂತ ಕನ್ನಡದವರು ಕೇಳುತ್ತಲೇ ಇರುತ್ತಾರೆ. ಬಳ್ಳಿ ಬರುತ್ತದೆ, ಕಾಯಿ ಕಷ್ಟ. ನಮ್ಮ ನಾಟಿ ಅವರೆಗೆ ಹಗಲು ಕಿರಿದಾದರೆ ಮಾತ್ರ ಹೂವು, ಇಲ್ಲಿ ಜೂನ್ ಹಗಲು 16 ಗಂಟೆಗೂ ಜಾಸ್ತಿ. ಹೂ ಬಿಡುವ ಹೊತ್ತಿಗೆ ಚಳಿ ಬಂದಿರುತ್ತದೆ, ಅಲ್ವಾ? ಬದಲಿಗೆ ರನ್ನರ್ ಬೀನ್ಸ್ ಅನ್ನುವ ಬಳ್ಳಿ ಬೀನ್ಸ್ ಹಾಕಿ. ಕೆಲವು ಕಾಯಿ ಬಲಿಯಲು ಬಿಟ್ಟು, ಕಾಳು ಸುಲಿದು ಹುಳಿ ಮಾಡಿ. ಸೊಗಡು ಇರುವುದಿಲ್ಲ, ರುಚಿ ಇರುತ್ತದೆ. ಆದರೆ ಚೆನ್ನಾಗಿ ಕುದಿಸಿ ಬೇಯಿಸಲೇಬೇಕು, ಹಸಿ ಕಾಳು ಹೊಟ್ಟೆ ಕೆಡಿಸುತ್ತದೆ.