ಅಣಬೆ ಎಕ್ಸ್‌ಟ್ರ್ಯಾಕ್ಟ್ ಬ್ಯಾಕ್ಟೀರಿಯಾ ತಡೆಯುತ್ತಾ? ಲ್ಯಾಬಲ್ಲಿ ನನ್ನ ಅನುಭವ

ಸಿಂಪಿ ಅಣಬೆ, ಬಟನ್, ಶಿಟಾಕೆ, ಈ ಮೂರನ್ನೇ ತಗೊಂಡಿದ್ದೆ. ಎಲ್ರೂ ಮೊದಲು ಯಾವ ಸಾಲ್ವೆಂಟ್ (ಸತ್ವ ಬಿಡಿಸೋ ದ್ರವ) ಅಂತ ಕೇಳ್ತಾರೆ, ನಾನು ಮೊದಲು ವಿಚಾರಿಸೋದು ಅಣಬೆ ಬೆಳೆದಿದ್ದು ಹೇಗೆ ಅಂತ. ಯಾಕಂದ್ರೆ ಸಿಂಪಿ ಅಣಬೆಗೆ ಕೆಲವರು ಹುಲ್ಲನ್ನ ಫಾರ್ಮಲಿನ್ (ಸೂಕ್ಷ್ಮಜೀವಿ ಕೊಲ್ಲೋ ಫಾರ್ಮಾಲ್ಡಿಹೈಡ್ ದ್ರಾವಣ) ಹಾಕಿದ ನೀರಲ್ಲಿ ನೆನೆಸಿ ಶುದ್ಧ ಮಾಡ್ತಾರೆ, ಅದರ ಅಂಶ ಚೂರು ಉಳಿದಿದ್ರೂ ಆಮೇಲೆ ಬ್ಯಾಕ್ಟೀರಿಯಾ ಬೆಳೆಸೋ ಪ್ಲೇಟಲ್ಲಿ ಕಾಣೋದು ಅಣಬೆ ಗುಣನೋ ಫಾರ್ಮಲಿನ್ ಗುಣನೋ ಅಂತ ಜಗಳ ಶುರುವಾಗುತ್ತೆ. ಅದಕ್ಕೇ ಆವಿಲಿ ಬೇಯಿಸಿದ ಹುಲ್ಲಲ್ಲಿ ಬೆಳೆದದ್ದನ್ನೇ ಹುಡುಕಿ ತಂದೆ. (ಶಿಟಾಕೆ ತಾನೇ ಸ್ವಲ್ಪ ಫಾರ್ಮಾಲ್ಡಿಹೈಡ್ ಮಾಡ್ಕೊಳ್ಳುತ್ತೆ, ಅದು ಇನ್ನೊಂದು ತಲೆನೋವು.)

ತೆಳ್ಳಗೆ ಹೆಚ್ಚಿ 40 ಡಿಗ್ರಿಲಿ ಒಣಗಿಸಿ, ಪುಡಿ ಮಾಡಿ, ಒಂದು ಭಾಗ ಎಥನಾಲಲ್ಲಿ ಒಂದು ಭಾಗ ಬಿಸಿನೀರಲ್ಲಿ ಇಟ್ಟೆ. ಸೋಸಿ ಸಾಲ್ವೆಂಟ್ ಹಾರಿಸಿದ ಮೇಲೆ ಎಥನಾಲ್ ಕಡೆ ಉಳಿದಿದ್ದು ಕಂದು ಬಣ್ಣದ ಅಂಟು, ಚಮಚಕ್ಕೆ ಮೆತ್ತಿಕೊಂಡು ತೂಕ ಮಾಡೋಕೂ ಬಿಡಲ್ಲ. ಅದನ್ನ ಡಿಎಂಎಸ್‌ಒ ಅನ್ನೋ ಸಾಲ್ವೆಂಟಲ್ಲಿ ಕರಗಿಸ್ಕೊಂಡೆ, ಬರೀ ಡಿಎಂಎಸ್‌ಒ ಹಾಕಿದ ಬಾವಿನೂ (ಪ್ಲೇಟಲ್ಲಿ ತೋಡೋ ಚಿಕ್ಕ ಗುಳಿ) ಅದೇ ಪ್ಲೇಟಲ್ಲಿ ಇರಲೇಬೇಕು, ಇಲ್ಲಾಂದ್ರೆ ಆ ಪ್ಲೇಟಿಗೆ ಬೆಲೆ ಇಲ್ಲ.

ಬ್ಯಾಕ್ಟೀರಿಯಾ ಬೆಳೆಸೋ ಜೆಲ್ಲಿ ಮುಲ್ಲರ್ ಹಿಂಟನ್ ಅಗಾರ್ 4 ಮಿಮೀ ದಪ್ಪ, ಬ್ಯಾಕ್ಟೀರಿಯಾ ದ್ರವದ ಮಬ್ಬನ್ನ 0.5 ಮ್ಯಾಕ್‌ಫಾರ್ಲೆಂಡ್ ಅಳತೆಗೆ ಹೊಂದಿಸಿ ಹತ್ತಿ ಕಡ್ಡಿಲಿ ಸವರಿ, 6 ಮಿಮೀ ಬಾವಿ ತೋಡಿ ರಾತ್ರಿಯಿಡೀ ಇನ್‌ಕ್ಯುಬೇಟರಲ್ಲಿ. ಶಿಟಾಕೆ ಎಥನಾಲ್ ಎಕ್ಸ್‌ಟ್ರ್ಯಾಕ್ಟ್ ಸುತ್ತ ಸ್ಟ್ಯಾಫಿಲೋಕಾಕಸ್ ಆರಿಯಸ್ ಪ್ಲೇಟಲ್ಲಿ ಚೆನ್ನಾಗೇ ಝೋನ್ (ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ) ಬಂತು, ಇ ಕೋಲೈ ಮಾತ್ರ ಬಾವಿ ಅಂಚಿನವರೆಗೂ ಬೆಳೆದು ಕೂತಿತ್ತು. ಇದರಲ್ಲಿ ಆಶ್ಚರ್ಯ ಏನಿಲ್ಲ, ಇ ಕೋಲೈ ಥರದ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಹೊರಗೊಂದು ಪೊರೆ ಜಾಸ್ತಿ ಇರುತ್ತೆ, ಎಷ್ಟೋ ವಸ್ತುಗಳು ಅದನ್ನ ದಾಟೋದೇ ಇಲ್ಲ. ಬಿಸಿನೀರಿನ ಎಕ್ಸ್‌ಟ್ರ್ಯಾಕ್ಟ್ ಎಲ್ಲೂ ಏನೂ ತೋರಿಸ್ಲಿಲ್ಲ, ಆದ್ರೆ ಅದನ್ನ ಫೇಲ್ ಅಂತ ಬರೆದುಬಿಡೋದು ಸರಿಯಲ್ಲ, ಬೀಟಾ ಗ್ಲುಕಾನ್ ಥರದ ದೊಡ್ಡ ಅಣುಗಳು ಅಗಾರಲ್ಲಿ ಹರಡೋದೇ ಕಷ್ಟ.

ಅಲ್ಲೇ ವಿಷಯ ಇರೋದು. ಝೋನ್ ಫೋಟೋ ತೆಗೆದು, ಪಕ್ಕದಲ್ಲಿ ಜೆಂಟಾಮೈಸಿನ್ ಅನ್ನೋ ಆಂಟಿಬಯಾಟಿಕ್ ಝೋನ್ ಇಟ್ಟು ಹೆಚ್ಚುಕಮ್ಮಿ ಸಮ ಇದೆ ಅನ್ನೋರು ತುಂಬ ಜನ. ಬಾವಿಗೆ ಎಷ್ಟು ಸುರಿದಿದ್ದೀರಿ ಅಂತ ಕೇಳಿ ನೋಡಿ! ಎಂಐಸಿ (ಬೆಳವಣಿಗೆ ತಡೆಯೋಕೆ ಬೇಕಾದ ಅತಿ ಕಡಿಮೆ ಪ್ರಮಾಣ) ಮಾಡಿದಾಗ ನನ್ನ ಕ್ರೂಡ್, ಅಂದ್ರೆ ಶುದ್ಧ ಮಾಡದ ಎಕ್ಸ್‌ಟ್ರ್ಯಾಕ್ಟ್ ಕೆಲಸ ಮಾಡಿದ್ದು ಮಿಲಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಜೆಂಟಾಮೈಸಿನ್ ಅದೇ ಕೆಲಸವನ್ನ ಮೈಕ್ರೋಗ್ರಾಂನಲ್ಲಿ ಮುಗಿಸುತ್ತೆ, ಅಂದ್ರೆ ಸಾವಿರಾರು ಪಟ್ಟು ವ್ಯತ್ಯಾಸ. ಹಾಗಂತ ಶಿಲೀಂಧ್ರಗಳಲ್ಲಿ ಸರಕಿಲ್ಲ ಅಂತಲ್ಲ, 1951ರಲ್ಲಿ ಒಂದು ಅಣಬೆ ಕಲ್ಚರಿಂದ ಸಿಕ್ಕಿದ ಪ್ಲೂರೋಮ್ಯುಟಿಲಿನ್ ಮೂಲದ ಲೆಫಾಮ್ಯುಲಿನ್ ಅನ್ನೋ ಆಂಟಿಬಯಾಟಿಕ್‌ಗೆ 2019ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ, ಆದ್ರೆ ಅದು ಶುದ್ಧ ಮಾಡಿ ತಿದ್ದಿದ ಒಂದೇ ಅಣು, ನಮ್ಮದು ನೂರೆಂಟು ಬೆರೆತ ರಸ.

ಎಂಐಸಿಗೆ ರೆಸಾಜುರಿನ್ ಅನ್ನೋ ನೀಲಿ ಡೈ ಹಾಕೋರು ಒಂದು ನೋಡ್ಕೊಳ್ಳಿ: ಬ್ಯಾಕ್ಟೀರಿಯಾ ಬದುಕಿದ್ರೆ ನೀಲಿ ಗುಲಾಬಿ ಆಗುತ್ತೆ ಸರಿ, ಆದ್ರೆ ಅಣಬೆಲಿರೋ ಗ್ಲುಟಾಥಯೋನ್ ಥರದ ರಾಸಾಯನಿಕ ಬ್ಯಾಕ್ಟೀರಿಯಾ ಇಲ್ದೇನೇ ಬಣ್ಣ ತಿರುಗಿಸಬಹುದು, ಅದಕ್ಕೇ ಎಕ್ಸ್‌ಟ್ರ್ಯಾಕ್ಟ್ ಮತ್ತೆ ಡೈ ಮಾತ್ರ ಇರೋ ಸಾಲು ಬೇಕೇಬೇಕು. ನೀಲಿಯಾಗೇ ಉಳಿದ ಶಿಟಾಕೆ ಬಾವಿಗಳಿಂದ ಒಂದೊಂದು ಲೂಪ್ (ತಂತಿ ಕುಣಿಕೆ) ತುಂಬ ತೆಗೆದು ಹೊಸ ಪ್ಲೇಟಲ್ಲಿ ಎಳೆದೆ. ಬೆಳಿಗ್ಗೆ ನೋಡಿದ್ರೆ ಸ್ಟ್ಯಾಫ್ ಹಳದಿ ಚುಕ್ಕಿಗಳು ಸಾಲಾಗಿ ಎದ್ದಿದ್ವು, ಎಕ್ಸ್‌ಟ್ರ್ಯಾಕ್ಟ್ ತಡೆದು ಹಿಡಿದಿತ್ತೇ ಹೊರತು ಕೊಂದಿರ್ಲಿಲ್ಲ.