ಮುರಕಲ್ಲಿನ ಗೋಡೆಗೆ ಅಡುಗೆಮನೆ ಕ್ಯಾಬಿನೆಟ್

ಕಾಸರಗೋಡಿನ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮನೆಗಳಲ್ಲಿ ಕ್ಯಾಬಿನೆಟ್ ಜೋಡಿಸುವುದು ಸುಲಭ, ಗೋಡೆಗೆ ಏರಿಸುವುದೇ ಕಷ್ಟ.

ಹಲಗೆಗಳನ್ನು ಜೋಡಿಸುವ ಮರದ ಗೂಟ, ಅಂದರೆ ಡವೆಲ್ ಕೂರಿಸಿ, ಅವನ್ನು ಬಿಗಿಯುವ ದುಂಡನೆಯ ಲೋಹದ ಬಿಗಿ, ಅಂದರೆ ಕ್ಯಾಮ್ ಲಾಕ್ ಅರ್ಧ ಸುತ್ತು ತಿರುಗಿಸಿ. ಹಿಂಬದಿ ಹಲಗೆಗೆ ಮೊಳೆ ಹೊಡೆಯುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಅಳತೆ ಒಂದೇ ಬರದಿದ್ದರೆ ಪೆಟ್ಟಿಗೆ ಓರೆಯಾಗಿದೆ. ಆಮೇಲೆ ಎಷ್ಟು ತಿದ್ದಿದರೂ ಬಾಗಿಲು ಸರಿ ಕೂರದು.

ಕೆಳಗಿನದಕ್ಕಿಂತ ಮೊದಲು ಮೇಲಿನ ಸಾಲು ಹಾಕಿ. ಮುರಕಲ್ಲು ಮೆದು, ಒಳಗೆಲ್ಲ ತೂತು. ಹ್ಯಾಮರ್ ಡ್ರಿಲ್ಲಿನಿಂದ ಕೊರೆದರೆ ರಂಧ್ರ ಅಗಲವಾಗಿ, ಸ್ಕ್ರೂ ಹಿಡಿಯಲು ರಂಧ್ರದೊಳಗೆ ತೂರಿಸುವ ಸಣ್ಣ ಪ್ಲಗ್ ಸ್ಕ್ರೂ ಜೊತೆಗೇ ಗಿರಗಿರ ತಿರುಗುತ್ತದೆ. ಹ್ಯಾಮರ್ ಆಫ್ ಮಾಡಿ 10 ಮಿ.ಮೀ. ಬಿಟ್‌ನಿಂದ ನಿಧಾನ ಕೊರೆಯಿರಿ, ಕೆಂಪು ಪುಡಿ ಪೂರ್ತಿ ಊದಿ ತೆಗೆಯಿರಿ, 100 ಮಿ.ಮೀ. ಉದ್ದದ ಪ್ಲಗ್ ಹಾಕಿ. ಗಾರೆಯ ದಪ್ಪವನ್ನು ನಂಬಬೇಡಿ, ಹಿಡಿತ ಕಲ್ಲಿನೊಳಗೇ ಇರಬೇಕು. ಕಲ್ಲುಗಳ ನಡುವಿನ ಸಂದಿಯಲ್ಲಿ ಕೊರೆಯಲೇಬೇಡಿ. ಆಗಲೂ ಸಡಿಲವೆನಿಸಿದರೆ ಜಾಲರಿ ಕೊಳವೆಯೊಳಗೆ ಅಂಟು ತುಂಬಿ ಬೋಲ್ಟ್ ಗಟ್ಟಿಯಾಗಿ ಹಿಡಿಸುವ ಕೆಮಿಕಲ್ ಆಂಕರ್ ಒಂದೇ ದಾರಿ.

ಸಿಂಕ್‌ಗೆ, ಪೈಪ್‌ಗೆ ಕತ್ತರಿಸಿದ ಅಂಚುಗಳಿಗೆಲ್ಲ ಸಿಲಿಕೋನ್ ಬಳಿಯಿರಿ. ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಆದರೆ ನಮ್ಮ ಮಳೆಗಾಲದ ತೇವಕ್ಕೆ ಮೊದಲು ಉಬ್ಬುವುದು ಅಲ್ಲೇ. ಕೆಳಗಿನ ಪೆಟ್ಟಿಗೆಗಳು 100 ಮಿ.ಮೀ. ಪ್ಲಾಸ್ಟಿಕ್ ಕಾಲಿನ ಮೇಲಿರಲಿ, ನೆಲ ತೊಳೆದ ನೀರು ಹಲಗೆಗೆ ತಾಗದು.